ಕೆಳಗಿನ ಸ್ಕ್ರೂ

ಲಕೋಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರೆ ಬೆವರು ಹತ್ತುತ್ತದೆ, ಕೈಯಲ್ಲಿ ಹಿಡಿದು ನಡೆದರೆ ಎಲ್ಲರ ಕಣ್ಣೂ ಅದರ ಮೇಲೆಯೇ. ಅರಿಂಡ ಕೊನೆಗೆ ಅದನ್ನು ಬಿಳಿ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು, ಬಸುರಿಯ ಹಾಗೆ ಒಂದು ಕೈಯನ್ನು ಆಸರೆ ಕೊಟ್ಟು, ಎಕ್ಸ್‌ರೇ ವಿಭಾಗದ ಮೆಟ್ಟಿಲಿಳಿದಳು. ಬಾಯಿಗೆ ಅಡ್ಡವಾಗಿ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿದ ಕಂದು ಲಕೋಟೆ. ಒಳಗೆ ಎರಡು ಫಿಲ್ಮು, ಎರಡರಲ್ಲೂ ಟಾಯೆಬ್ವ ಎಂಬ ಬೋಡಾ ಸವಾರನ, ಬಾಡಿಗೆ ಬೈಕು ಓಡಿಸುವವನ, ಎಡತೊಡೆ. ಆ ತೊಡೆಯ ಮೂಳೆಯೊಳಗೆ ನಿನ್ನೆ ಅವಳೇ ಇಳಿಸಿದ ಉಕ್ಕಿನ ಸರಳು. ಸರಳಿನ ಕೆಳತುದಿಯಲ್ಲಿ ಅವಳೇ ತಿರುಗಿಸಿ ಕೂರಿಸಿದ ಒಂದು ಸ್ಕ್ರೂ. ಅದು ಸರಳಿನ ತೂತಿನ ಒಳಗಿದೆಯೋ ಹೊರಗಿದೆಯೋ ಎಂಬುದು ಈ ಲಕೋಟೆಗೆ ಗೊತ್ತು, ಎಕ್ಸ್‌ರೇ ತೆಗೆದವನಿಗೆ ಗೊತ್ತು. ಅವನೋ ಲಕೋಟೆ ಕೊಡುವಾಗ ಮುಖವನ್ನು ಬೇಯಿಸಿದ ಬಾಳೆಕಾಯಿಯಷ್ಟು ಸಪ್ಪೆಯಾಗಿ ಇಟ್ಟುಕೊಂಡಿದ್ದ. ಸಪ್ಪೆಯಾಗಿ ಇಟ್ಟುಕೊಳ್ಳಬೇಕೆಂಬುದು ಡಾಕ್ಟರ್ ಬಗ್ಯೇಂಡರ ಅಪ್ಪಣೆ. ಅವನ ಮುಖದಲ್ಲಿ ಏನಾದರೂ ಸಿಗುತ್ತದೆಯೋ ಎಂದು ಅವಳು ನಾಚಿಕೆ ಬಿಟ್ಟು ಹುಡುಕಿದ್ದಳು. ಸಿಕ್ಕಿದ್ದು ಗಡ್ಡದಲ್ಲಿ ಅಂಟಿದ್ದ ಚಪಾತಿಯ ಚೂರು ಮಾತ್ರ.

ಬಗ್ಯೇಂಡರ ಮೂಳೆ ಇಲಾಖೆಯಲ್ಲಿ ಬಾಯಿ ಮೊದಲು, ಕಣ್ಣು ಆಮೇಲೆ. ನಿನ್ನೆ ಆಪರೇಷನ್ ಮಾಡಿದವರು ಇವತ್ತು ಬೆಳಗಿನ ಸಭೆಯಲ್ಲಿ ಎಲ್ಲರೆದುರು ನಿಂತು, ಫಿಲ್ಮು ನೋಡುವುದಕ್ಕೆ ಮುಂಚೆ, ಪ್ರತಿ ಸ್ಕ್ರೂವಿಗೂ 'ಒಳಗೆ' ಅಥವಾ 'ಹೊರಗೆ' ಎಂದು ಹೇಳಬೇಕು. ಆಮೇಲೆ ಬಗ್ಯೇಂಡರು ಪಟ್ಟಿ ಕಿತ್ತು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಸ್ಕ್ರೂ ಹೊರಗಿದ್ದು ನೀವು ಹೊರಗೆ ಅಂದಿದ್ದರೆ ಬೈಗುಳ ಇಲ್ಲ. ಮತ್ತೆ ಬಿಚ್ಚಿ ಸರಿಮಾಡುತ್ತೀರಿ, ಅಷ್ಟೆ. ಹೊರಗಿದ್ದು ಒಳಗೆ ಅಂದಿದ್ದರೆ ಆವತ್ತೂ ಬೈಗುಳ ಇಲ್ಲ. ಅವರು ನಿಮ್ಮನ್ನು ಒಂದು ಸಲ ನೋಡುತ್ತಾರೆ, ಆಮೇಲೆ ತಿಂಗಳುಗಟ್ಟಲೆ ನೋಡುವುದಿಲ್ಲ. ಬೇರೆ ಕಡೆಗಳಲ್ಲಿ ಈ ರಗಳೆ ಇಲ್ಲವಂತೆ. ಆಪರೇಷನ್ ನಡೆಯುತ್ತಿರುವಾಗಲೇ ಮೂಳೆಯ ಒಳಗನ್ನು ಪರದೆಯ ಮೇಲೆ ತೋರಿಸುವ ಯಂತ್ರವಿದೆಯಂತೆ. ಇಲ್ಲೂ ಒಂದಿದೆ. ಬಿಡಿಭಾಗ ಬರುವವರೆಗೆ ಅದಕ್ಕೆ ಹಸಿರು ಬಟ್ಟೆ ಹೊದಿಸಿದ್ದಾರೆ, ನರ್ಸುಗಳು ಅದರ ಉದ್ದ ತೋಳಿಗೆ ತಮ್ಮ ಕೈಚೀಲಗಳನ್ನು ತೂಗುಹಾಕುತ್ತಾರೆ. ಹಾಗಾಗಿ ಕೈಯೇ ಕಣ್ಣು. ಮೂಳೆಯನ್ನು ಹೊರಗಿನಿಂದ ಕೊರೆದು, ಸಣ್ಣ ಶಲಾಕೆಯೊಂದನ್ನು ಒಳಗೆ ಬಿಟ್ಟು, ಕಾಣದ ಸರಳಿನ ಕಾಣದ ತೂತನ್ನು ತಡಕಬೇಕು. ತೂತು ಸಿಕ್ಕಿತೆಂದರೆ, ಮೇಲೆ ಇನ್ನೊಬ್ಬರು ಸರಳನ್ನು ಕೊಂಚ ತಿರುಚಿದಾಗ ಬೆರಳುಗಳ ನಡುವಿನ ಶಲಾಕೆಯೂ ತಿರುಚಿಕೊಳ್ಳುತ್ತದೆ, ಕತ್ತಲಲ್ಲಿ ಯಾರೋ ನಿಮ್ಮ ಕೈ ಹಿಡಿದು ಕುಲುಕಿದ ಹಾಗೆ. ಸಿಗದಿದ್ದರೆ ಸರಳಿನ ಪಕ್ಕದಲ್ಲಿ ಜಾರಿಹೋಗುತ್ತದೆ. ಆಗಲೂ ಲೋಹಕ್ಕೆ ಲೋಹ ತಾಕುತ್ತದೆ, ಆಗಲೂ ಟಿಕ್ ಎನ್ನುತ್ತದೆ. ಅಲ್ಲಿಯೇ ಮೋಸ. ಪಕ್ಕದಲ್ಲಿ ಕೂತ ಸ್ಕ್ರೂ ಯಾವುದನ್ನೂ ಹಿಡಿದಿರುವುದಿಲ್ಲ. ರೋಗಿ ಎದ್ದು ಕಾಲೂರಿದ ದಿನ ಮೂಳೆ ಸರಳಿನ ಸುತ್ತ, ಸೌಟಿನ ಸುತ್ತ ಗಡಿಗೆ ತಿರುಗಿದ ಹಾಗೆ, ತಿರುಗಿಕೊಳ್ಳುತ್ತದೆ.

ಈ ಕುಲುಕುವಿಕೆಯನ್ನು ಕಲಿಯಲು ಅವಳೂ ಜೊತೆಗೆ ಕಲಿಯುವ ಓಜೊಕನೂ ಹಾಸ್ಟೆಲಿನಲ್ಲಿ ತಿಂದ ದನದ ಮೂಳೆಗಳಿಗೆ ಲೆಕ್ಕವಿಲ್ಲ. ಕಟುಕನ ಹತ್ತಿರ ಕಾಲಿನ ಮೂಳೆ ಇಡಿಯಾಗಿ ತರುವುದು, ಹಳೆಯ ಸರಳೊಂದನ್ನು ಅದರೊಳಗೆ ಹೊಡೆಯುವುದು, ಒದ್ದೆ ಟವೆಲಿನಲ್ಲಿ ಸುತ್ತುವುದು, ಒಬ್ಬರು ಕಣ್ಣು ಕಟ್ಟಿಕೊಂಡು ಕೊರೆಯುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಹಂಗಿಸುವುದು. ಎಲ್ಲ ಮುಗಿದ ಮೇಲೆ ಸರಳನ್ನು ತೆಗೆದು ತೊಳೆದಿಟ್ಟು ಮೂಳೆಯನ್ನು ಈರುಳ್ಳಿಯ ಜೊತೆ ಕುದಿಸಿ ಸಾರು ಮಾಡುವುದು. ಕೊರೆದ ತೂತುಗಳಿಂದ ಮಜ್ಜೆ ಚೆನ್ನಾಗಿ ಇಳಿಯುತ್ತದೆ ಎಂದು ಓಜೊಕನ ಸಿದ್ಧಾಂತ. ಉತ್ತರದ ಕಡೆಯವನಾದ ಅವನಿಗೆ ಇದು ಹಬ್ಬ. ಉದ್ದ ಕೊಂಬಿನ ಹಸುಗಳಿಗೆ ಹೆಸರಿಟ್ಟು, ಹೆಸರಿಗೊಂದು ಹೊಗಳಿಕೆ ಕಟ್ಟಿ ಹಾಡುವವರ ಮನೆಯಲ್ಲಿ ಹುಟ್ಟಿದ ಅವಳು ಮೊದಮೊದಲು ಈರುಳ್ಳಿಯನ್ನು ಮಾತ್ರ ಆಯ್ದು ತಿನ್ನುತ್ತಿದ್ದಳು. ಒಮ್ಮೆ ಅಪ್ಪ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತು, ಕಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡು ದನದ ಕಾಲನ್ನು ಕೊರೆಯುತ್ತಿದ್ದ ಮಗಳನ್ನು ನೋಡಿದ್ದ. 'ಇದನ್ನ ಕಲಿಯೋಕಾ ನಿನ್ನ ಇಷ್ಟು ಓದಿಸಿದ್ದು? ಕಟುಕನ ಅಂಗಡೀಲಿ ಫೀಸಿಲ್ದೆ ಹೇಳಿಕೊಡ್ತಿದ್ರಲ್ಲೇ' ಎಂದಿದ್ದ. ಆಮೇಲೆ ಸಾರು ಕುಡಿದಿದ್ದ, ಎರಡನೆಯ ಸಲ ಹಾಕಿಸಿಕೊಂಡೂ ಇದ್ದ. ಓಜೊಕ್ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾನೆ: 'ನಿಮ್ಮಪ್ಪ ಕುಡಿದ ಹಸುವಿನ ಹೆಸರೇನೇ?' ಆವತ್ತಿನ ಮೂಳೆಯಲ್ಲಿ ಅವಳ ಸ್ಕ್ರೂ ಒಳಗೇ ಕೂತಿತ್ತು. ಟವೆಲಿನೊಳಗಿನ ಮೂಳೆಯಲ್ಲಿ ಅವಳದು ಯಾವಾಗಲೂ ಒಳಗೆ. ಮನುಷ್ಯನ ತೊಡೆಯಲ್ಲಿ ಮಾತ್ರ, ಬಗ್ಯೇಂಡರು ಎದುರಿಗೆ ನಿಂತಿದ್ದಾಗ, ಕೈಗೆ ಒಂದು ತೆರನ ಕಿವುಡು ಬರುತ್ತಿತ್ತು. ಆಗ ಅವರು ಅಂಗೈಯನ್ನು ಮೇಲ್ಮುಖವಾಗಿ ಚಾಚುತ್ತಿದ್ದರು. ಚಾಚಿದ ಅಂಗೈಗೆ ಉಪಕರಣವನ್ನು ಇಟ್ಟು ಪಕ್ಕಕ್ಕೆ ಸರಿದು, ಗಾಯದ ಅಂಚನ್ನು ಎಳೆದಿಡುವ ಎಳೆಕೊಕ್ಕೆ ಹಿಡಿದು ನಿಲ್ಲುವುದು. ಬಸ್ಸಿನಲ್ಲಿ ಕಂಡಕ್ಟರನಿಗೆ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರೂ ಅಷ್ಟು ಚಿಕ್ಕವರಾಗುವುದಿಲ್ಲ.

ನಿನ್ನೆ ಬಗ್ಯೇಂಡರು ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಒಂದು ಮಗುವಿನ ಮೊಣಕೈ ಜೋಡಿಸುತ್ತಿದ್ದರು. ಟಾಯೆಬ್ವನ ತೊಡೆ ಅವಳದೇ, ಸಹಾಯಕ್ಕೆ ಓಜೊಕ್. ಕಿಸೋರೊದ ಆಸ್ಪತ್ರೆಗೆ ಮುಂದಿನ ತಿಂಗಳು ಒಬ್ಬರನ್ನು ಕಳಿಸುತ್ತಾರೆ, ಗಡಿಯ ಬೆಟ್ಟಗಳ ನಡುವೆ, ಮೂಳೆಗೆ ಅಂತ ಬೇರೆ ಡಾಕ್ಟರೇ ಇಲ್ಲದ ಕಡೆ, ಯಂತ್ರವೂ ಇಲ್ಲ, ಅಂಗೈ ಚಾಚುವವರೂ ಇಲ್ಲ. ಇಬ್ಬರಲ್ಲಿ ಒಬ್ಬರು: ಅವಳು ಇಲ್ಲವೇ ಓಜೊಕ್. ಹೋದವರು ಮೂಳೆ ಡಾಕ್ಟರಾಗಿ ವಾಪಸು ಬರುತ್ತಾರೆ, ಉಳಿದವರು ಎಳೆಕೊಕ್ಕೆ ಹಿಡಿಯುತ್ತಾರೆ ಎಂದು ಹಾಸ್ಟೆಲಿನಲ್ಲಿ ಮಾತು. ಮೇಲಿನ ಸ್ಕ್ರೂ ತಂಟೆಯಿಲ್ಲದೆ ಕೂತಿತು; ಅದಕ್ಕೆ ತೂತಿನ ಜಾಗವನ್ನು ಹೊರಗಿನಿಂದಲೇ ತೋರಿಸುವ ಅಳತೆಗೋಲಿದೆ. ಕೆಳಗಿನದಕ್ಕೆ ಶಲಾಕೆ ಬಿಟ್ಟಳು. ಟಿಕ್ ಎಂದಿತು. 'ತಿರುಚು' ಎಂದಳು. ಓಜೊಕ್ ಮೇಲಿನಿಂದ ಸರಳನ್ನು ತಿರುಚಿದ. ಶಲಾಕೆ ಅಲುಗಿತು. ಅಲುಗಿತು, ಆದರೆ ತಡವಾಗಿ. ಕೂಗಿದ ತಕ್ಷಣ ಓಗೊಡದೆ, ಯಾರು ಕೂಗಿದ್ದು ಎಂದು ಯೋಚಿಸಿ ಓಗೊಟ್ಟ ಹಾಗೆ. 'ಇನ್ನೊಂದ್ಸಲ ತಿರುಚು.' ಮತ್ತೆ ಹಾಗೆಯೇ. 'ಒಳಗೆ ಕಣೆ' ಎಂದ ಓಜೊಕ್. 'ಟಿಕ್ ಅಂದದ್ದು ನಂಗೂ ಕೇಳಿಸ್ತು. ಇನ್ನೇನು ಅದು ಎದ್ದುಬಂದು ನಿಂಗೆ ಸಲಾಮು ಹೊಡೀಬೇಕಾ? ಮುಚ್ಚು, ಕ್ಯಾಂಟೀನಲ್ಲಿ ತಳ ಕೆರೀತಾ ಇರ್ತಾರೆ ಈಗ.' ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ. ನರ್ಸು ಆಗಲೇ ಹೊಲಿಗೆಯ ದಾರವನ್ನು ಬಿಚ್ಚಿ ಹಿಡಿದಿದ್ದಳು. ಅವಳು ಸ್ಕ್ರೂ ತಿರುಗಿಸಿದಳು, ಹೊಲಿದಳು, ಕೆಳಗಿಳಿದು ಹೋಗಿ ಕಡಲೆಬೀಜದ ಗೊಜ್ಜಿನಲ್ಲಿ ಮುಳುಗಿದ ಹೊಗೆಮೀನನ್ನು ಮುಳ್ಳೂ ಬಿಡದಂತೆ ತಿಂದಳು. ರುಚಿಯಾಗಿತ್ತು.

ಈಗ ಅದೇ ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ ಓಜೊಕ್ ಕಾಲು ಚಾಚಿ ಕೂತಿದ್ದ, ಎರಡು ಲೋಟ ಹಾಲು ಚಹಾ ಪಕ್ಕದಲ್ಲಿ. 'ಬಾ ತಾಯಿ, ಎಷ್ಟು ತಿಂಗಳು?' ಎಂದು ಅವಳ ಹೊಟ್ಟೆ ನೋಡಿ ಕೇಳಿದ. 'ಹೆರಿಗೆ ಇವತ್ತೇ' ಎಂದು ಅವಳು ಲಕೋಟೆಯನ್ನು ಹೊರಗೆ ತೆಗೆದು ಬೆಂಚಿನ ಮೇಲಿಟ್ಟಳು. ಇಬ್ಬರೂ ಅದನ್ನೇ ನೋಡಿದರು. 'ಪಟ್ಟಿ ಸರಿಯಾಗಿ ಅಂಟಿಲ್ಲ' ಎಂದ ಅವನು, 'ಉಫ್ ಅಂದ್ರೆ ಬಿಚ್ಚುತ್ತೆ.' 'ಉಫ್ ಅನ್ಬೇಡ.' 'ನಾನ್ಯಾಕೆ ಅನ್ಲಿ? ನನ್ ಸ್ಕ್ರೂನಾ?' ಅಷ್ಟರಲ್ಲಿ ವಾರ್ಡಿನಿಂದ ಯಾರೋ ಕಿಟಕಿಯಲ್ಲಿ ತಲೆ ಹಾಕಿ ಅವಳನ್ನು ಕರೆದರು; ಒಬ್ಬ ಮುದುಕಿಯ ಬ್ಯಾಂಡೇಜು ಬಿಗಿಯಾಗಿ ಬೆರಳು ನೀಲಿಯಾಗಿದೆ ಎಂದು. ಅವಳು ಓಡಿದಳು. ಓಡುವಾಗ ಕೈಯಲ್ಲಿ ಚಹಾ ಲೋಟವಿತ್ತು, ಲಕೋಟೆ ಇರಲಿಲ್ಲ. ಲೋಟವನ್ನು ಒಯ್ಯುವ ನೆನಪಾಯಿತು, ಲಕೋಟೆಯದು ಆಗಲಿಲ್ಲವೇ? ಬ್ಯಾಂಡೇಜು ಸಡಿಲಿಸುತ್ತ, ಮುದುಕಿಯ ಬೆರಳಿಗೆ ರಕ್ತ ಮರಳುವುದನ್ನು ಕಾಯುತ್ತ, ಅವಳು ಈ ಪ್ರಶ್ನೆಯನ್ನು ಕೇಳಿಕೊಂಡಳು. ಓಜೊಕ್ ಎಂಥವನೆಂದು ಅವಳಿಗೆ ಗೊತ್ತು. ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ತೆಗೆಯದೆ ಇರಲಾರ. ತಾನು ತೆಗೆಯಲಾರದ ಮುಚ್ಚಳವನ್ನು ಅವನ ಪಕ್ಕದಲ್ಲಿಟ್ಟು ಬಂದವಳಿಗೆ ಏನೆನ್ನಬೇಕು? ಮುದುಕಿ 'ನಿನ್ ಕೈ ತಣ್ಣಗಿದೆ ಮುಸಾವೊ, ಡಾಕ್ಟರಿಗೇ ಜ್ವರಾನಾ?' ಎಂದು ಕೇಳಿದಳು.

ಅವಳು ವಾಪಸು ಬಂದಾಗ ಓಜೊಕ್ ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಲಕೋಟೆಯ ಪಟ್ಟಿ ಮೊದಲಿಗಿಂತ ಚೊಕ್ಕವಾಗಿ ಅಂಟಿತ್ತು.

'ಏನೋ ಮಾಡ್ದೆ?'

'ಒಳಗೆ' ಎಂದ, ತುಟಿ ಅಲುಗಿಸದೆ. 'ಮುತ್ತಿನ ಹಾಗೆ ಕೂತಿದೆ. ಸರಳಿನ ನಟ್ಟನಡುವೆ. ಈಗ ಚಹಾ ಕುಡಿ.'

'ನಿನ್ನನ್ನ ಕೇಳಿದೋರ್ಯಾರು?'

'ಯಾರೂ ಕೇಳ್ಲಿಲ್ಲ. ನಾನೇ ಹೇಳ್ದೆ. ಇಡೀ ಸಭೆ ನಿನ್ನ ಈ ಮುಖ ನೋಡೋ ಕರ್ಮ ತಪ್ಪಿಸ್ದೆ. ಕಿಸೋರೊಗೆ ನೀನೇ ಹೋಗು, ನಂಗೆ ಅಲ್ಲಿನ ಚಳಿ ಆಗಿಬರಲ್ಲ.'

ಕಿಸೋರೊ ತನಗೂ ಬೇಕು ಎಂದು ಓಜೊಕ್ ಒಮ್ಮೆ, ಮಜ್ಜೆ ಹೀರುತ್ತ, ಹೇಳಿದ್ದ. ಅದಕ್ಕೇ ಅವನ ಈ ಔದಾರ್ಯ ಅವಳಿಗೆ ಸಿಟ್ಟು ತರಿಸಿತು. ಸಿಟ್ಟಿನ ಕೆಳಗೆ, ತಳದಲ್ಲಿ, ಒಂದು ಹಾಯೆನಿಸುವಿಕೆಯೂ ಇತ್ತು. ಅದನ್ನು ಅವಳು ನೋಡದೆ ಇರಲು ಪ್ರಯತ್ನಿಸಿದಳು. ಒಳಗಿದೆ. ಸರಿ. ಒಳಗಿದ್ದರೆ ನಿನ್ನೆಯಿಂದ ಈ ಕೈ ಯಾಕೆ ಹೊರಗೆ, ಹೊರಗೆ ಎನ್ನುತ್ತಿದೆ? ಹಾಗಾದರೆ ಕೈ ಸುಳ್ಳುಗಾರ. ಸುಳ್ಳುಗಾರ ಕೈಯನ್ನು ಕಟ್ಟಿಕೊಂಡು ಕಿಸೋರೊಗೆ ಹೋಗಿ ಏನು ಮಾಡುವುದು? ಅಲ್ಲಿ ಲಕೋಟೆ ಬಿಚ್ಚಿ ಹೇಳಲು ಓಜೊಕನೂ ಇರುವುದಿಲ್ಲ. ಸಭೆಯ ಕೋಣೆಯವರೆಗೂ ಅವಳು ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ನಡೆದಳು. ಆ ಎರಡು ಬೆರಳುಗಳ ನಡುವೆ ನಿನ್ನೆಯ ಶಲಾಕೆ ಇನ್ನೂ ಇತ್ತು, ಇನ್ನೂ ತಡವಾಗಿಯೇ ಅಲುಗುತ್ತಿತ್ತು.

ಸಭೆಯ ಕೋಣೆಯಲ್ಲಿ ಎಂದಿನಂತೆ ಹಿಂದಿನ ಬೆಂಚುಗಳಲ್ಲಿ ವಿದ್ಯಾರ್ಥಿಗಳು ಆಕಳಿಸುತ್ತಿದ್ದರು, ಮುಂದಿನ ಬೆಂಚಿನಲ್ಲಿ ಓಜೊಕ್ ಹೊಸದಾಗಿ ಸೇರಿದವರ ನಡುವೆ ದೊಡ್ಡಣ್ಣನಂತೆ ಕೂತಿದ್ದ. ಬಗ್ಯೇಂಡರು ಬೆಳಕಿನ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ, ಗಡ್ಡ ನೆರೆತ ದಪ್ಪ ಮನುಷ್ಯ, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಂತಿ. ಪೆಟ್ಟಿಗೆಯ ಒಂದು ದೀಪ ಮಿಣುಕುತ್ತಿತ್ತು. ಅರಿಂಡ ಲಕೋಟೆಯನ್ನು ಅವರ ಮಡಿಲಿಗಿಟ್ಟು ಎದುರಿಗೆ ನಿಂತಳು.

'ಟಾಯೆಬ್ವ, ಬೋಡಾ ಸವಾರ, ಎಡತೊಡೆಯ ಮೂಳೆ ನಡುವೆ ಮುರಿದಿತ್ತು ಸರ್.'

'ಹೇಗೆ ಬಿದ್ದ?'

'ಹಿಂದೆ ಹಾಸಿಗೆ ಕಟ್ಟಿಕೊಂಡು ಹೋಗ್ತಿದ್ದ. ಕರು ಅಡ್ಡ ಬಂತು.'

'ಕರುಗೆ ಏನಾಯ್ತು?'

'ಏನೂ ಆಗಿಲ್ಲ ಸರ್.'

'ಆಗಲ್ಲ. ಈ ಊರಲ್ಲಿ ರಸ್ತೆ ಕರೂದು, ನಾವು ಅಡ್ಡ ಬರೋರು' ಎಂದರು ಬಗ್ಯೇಂಡರು. ಬೆಂಚುಗಳು ನಕ್ಕವು. 'ಸರಿ. ಮೇಲಿನದು?'

'ಒಳಗೆ.'

'ಕೆಳಗಿನದು?'

ಓಜೊಕ್ ಅವಳನ್ನು ನೋಡಿ ಹುಬ್ಬು ಏರಿಸಿದ, ಅದೊಂದು ಸಣ್ಣ ಪದ, ಹೇಳಿ ಮುಗಿಸು ಎನ್ನುವ ಹಾಗೆ. ಸಣ್ಣ ಪದವೇ. ಅವಳ ಬಾಯಲ್ಲಿ ಅದು ಆಗಲೇ ಸಿದ್ಧವಾಗಿ, ಲಾಲಾರಸದಲ್ಲಿ ನೆನೆದು ಕೂತಿತ್ತು. ಹೇಳಿದರೆ ಅದು ನಿಜವಾಗುತ್ತದೆ. ಕಣ್ಣಿಂದ ನೋಡಿದವನೇ ಹೇಳಿದ್ದಾನೆ. ಆದರೆ ಅದು ಓಜೊಕನ ಕಣ್ಣಿನ ಮಾತು, ಅವಳ ಬಾಯಲ್ಲಿ. ಬಾಯಿ ಅವಳದು, ಕಣ್ಣು ಅವನದು, ಕೈ ಯಾರದ್ದು? ಹೆಬ್ಬೆರಳು ತೋರುಬೆರಳಿಗೆ ಉಜ್ಜಿತು. ತಡವಾಗಿ ಅಲುಗಿತು.

'ಹೊರಗೆ' ಎಂದಳು.

ಓಜೊಕ್ ಕೂತ ಬೆಂಚು ಕಿರುಗುಟ್ಟಿತು. ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅವಮಾನ. ಹಸಿದವನಿಗೆ ತನ್ನ ತಟ್ಟೆ ಕೊಟ್ಟಾಗ ಅವನು ಅದನ್ನು ನಾಯಿಗೆ ಹಾಕಿದರೆ ಆಗುವಂಥ ಅವಮಾನ. ಬಗ್ಯೇಂಡರು ಪಟ್ಟಿ ಕಿತ್ತು ಮೊದಲ ಫಿಲ್ಮನ್ನು ಸಿಕ್ಕಿಸಿದರು, ಮುಂದಿನಿಂದ ತೆಗೆದದ್ದು. ಬಿಳಿಯ ಮೂಳೆಯೊಳಗೆ ಇನ್ನೂ ಬಿಳಿಯ ಸರಳು, ಅದರ ನಟ್ಟನಡುವೆ ಅಡ್ಡಲಾಗಿ ಸ್ಕ್ರೂ. ಮುತ್ತಿನ ಹಾಗೆ. ಹಿಂದಿನಿಂದ ಯಾರೋ 'ಒಳಗೇ ಇದೆಯಲ್ಲ' ಎಂದರು. ಒಂದು ಕ್ಷಣ ಅರಿಂಡಳಿಗೆ ಟಾಯೆಬ್ವನ ಸ್ಕ್ರೂ ಸರಿಯಾಗಿ ಕೂತಿದ್ದಕ್ಕೆ ದುಃಖವಾಯಿತು, ಹಾಗೆ ದುಃಖವಾದದ್ದಕ್ಕೆ ಹೇಸಿಗೆಯೂ ಆಯಿತು. ಬಗ್ಯೇಂಡರು ಅವಸರವಿಲ್ಲದೆ ಎರಡನೆಯದನ್ನು ಸಿಕ್ಕಿಸಿದರು, ಪಕ್ಕದಿಂದ ತೆಗೆದದ್ದು. ಅದರಲ್ಲಿ ಸರಳಿನ ತೂತು ಕಪ್ಪಗೆ, ಖಾಲಿಯಾಗಿ, ಯಾರೂ ಬರದ ಮನೆಯ ಬಾಗಿಲಿನ ಹಾಗೆ ತೆರೆದಿತ್ತು. ಸ್ಕ್ರೂ ಅದರ ಮುಂದುಗಡೆ, ಬಾಗಿಲ ಪಕ್ಕದ ಗೋಡೆಗೆ ಹೊಡೆದ ಮೊಳೆಯಂತೆ, ಒಂದು ಬಿಳಿ ಚುಕ್ಕಿ.

'ಹೊರಗೆ' ಎಂದರು ಬಗ್ಯೇಂಡರು, ಒಂಥರಾ ಪ್ರೀತಿಯಿಂದ. 'ಎದುರಿಂದ ನೋಡಿದರೆ ಸರಳಿನ ಮುಂದೆ ಇದ್ರೂ ಒಳಗೆ ಇದ್ದ ಹಾಗೇ ಕಾಣುತ್ತೆ. ಆದ್ರೆ ಇವಳ ಕೈಗೆ ಗೊತ್ತಾಗಿದೆ. ನೋಡ್ರೋ, ಇದನ್ನೇ ನಾನು...' ಮಾತು ನಿಂತಿತು. ಅವರು ಬೆರಳಿಗಂಟಿದ ಪ್ಲಾಸ್ಟರ್ ಪಟ್ಟಿಯನ್ನು ಬೆಳಕಿಗೆ ಹಿಡಿದಿದ್ದರು. ಅದರ ಅಂಟಿನ ಮೇಲೆ ಕಂದು ಕಾಗದದ ನಾರು ಎರಡು ಸಾಲಾಗಿ ಹತ್ತಿತ್ತು, ಒಂದರ ಪಕ್ಕ ಒಂದು. 'ಇದು ಎರಡು ಸಲ ಅಂಟಿದೆಯಲ್ಲಮ್ಮಾ.'

ಯಾರೂ ಆಕಳಿಸಲಿಲ್ಲ. ಅವರ ಮುಖದಿಂದ ಪ್ರೀತಿ ಇಳಿದುಹೋಗುವುದನ್ನು ಅವಳು ನೋಡಿದಳು. ನೋಡಿ ಬಂದು ಹೇಳಿದ್ದಾಳೆ. ಯಾರಿಗಾದರೂ ಅನ್ನಿಸುವುದು ಅದೇ. ಓಜೊಕ್ ಬಿಚ್ಚಿದ ಅನ್ನಬಹುದು. ಆದರೆ ಬಿಚ್ಚಿದವನು ಒಳಗೆ ಅಂದಿದ್ದ, ನಾನು ನಂಬದೆ ಹೊರಗೆ ಅಂದೆ ಎಂದರೆ ಯಾರು ನಂಬುತ್ತಾರೆ? ನಿಜ ಕೆಲವೊಮ್ಮೆ ಎಷ್ಟು ಕೆಟ್ಟದಾಗಿ ಹೆಣೆದ ಸುಳ್ಳಿನ ಹಾಗಿರುತ್ತದೆ! ಅದನ್ನು ಹೇಳಬಲ್ಲವನು ಓಜೊಕ್ ಒಬ್ಬನೇ. ಹೇಳಿದರೆ ಕಳ್ಳನೂ ಆಗುತ್ತಾನೆ, ಅದಕ್ಕಿಂತ ಕಷ್ಟದ್ದು, ಹೊಸಬರ ಮುಂದೆ ಪೆದ್ದನೂ ಆಗುತ್ತಾನೆ. ಕಳ್ಳನಾಗಲು ಅವನಿಗೆ ಅಂಜಿಕೆಯಿಲ್ಲ. ಅವಳು ಅವನ ಕಡೆ ನೋಡಲಿಲ್ಲ. ನೋಡದೆ ಇದ್ದುದು ಒಳ್ಳೆಯತನದಿಂದಲೋ, ನೋಡಿದರೆ ಅವನು ಕಣ್ಣು ತಪ್ಪಿಸಬಹುದೆಂಬ ಭಯದಿಂದಲೋ.

'ನಾನು ಸರ್' ಎಂಬ ದನಿ ಕೇಳಿತು. ಓಜೊಕ್ ಎದ್ದು ನಿಂತಿದ್ದ, ಎತ್ತರದ ಆಳು, ಎಲ್ಲಿ ಮಡಚಿಕೊಳ್ಳಲಿ ಎಂದು ಹುಡುಕುವವನಂತೆ. 'ಅವಳು ವಾರ್ಡಿಗೆ ಹೋಗಿದ್ದಾಗ ನಾನು ಬಿಚ್ಚಿದೆ.'

'ಬಿಚ್ಚಿ?'

'ಒಳಗಿದೆ ಅಂತ ಹೇಳ್ದೆ.'

'ಒಳಗಿದೆ?' ಬಗ್ಯೇಂಡರು ಫಿಲ್ಮುಗಳ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿದರು. 'ಯಾವುದನ್ನ ನೋಡಿದೆಯಪ್ಪಾ?'

'ಮುಂದಿನಿಂದ ತೆಗೆದದ್ದು.'

'ಅದೊಂದೇ?'

'ಇನ್ನೊಂದು ತೆಗೆಯೋ ಹೊತ್ತಿಗೆ ಅವಳು ಮೆಟ್ಟಿಲಿಳೀತಾ ಇದ್ಲು ಸರ್.'

'ಹೊಸಬರಿಗೆ ಮೊದಲನೇ ಪಾಠ ಏನು ಹೇಳ್ಕೊಡ್ತೀವಿ?'

'ಒಂದೇ ಕಡೆಯಿಂದ ನೋಡಿದ್ದು ನೋಡಿದ ಹಾಗಲ್ಲ ಅಂತ.'

'ಯಾರು ಹೇಳ್ಕೊಡೋದು ಅದನ್ನ?'

ಓಜೊಕ್ ನೆಲ ನೋಡಿದ. 'ನಾನೇ ಸರ್.'

ನಗು ಪಾತ್ರೆಗಳ ರಾಶಿ ಉರುಳಿದಂತೆ ಬಿತ್ತು. ಹೊಸಬರು ಮೊದಲು ಹೆದರಿ, ಆಮೇಲೆ ತಮ್ಮ ಮೊಣಕಾಲಿಗೆ ತಲೆಯಿಟ್ಟು ನಕ್ಕರು. ಬಗ್ಯೇಂಡರೂ ಸ್ವೆಟರಿನೊಳಗೆ ನಕ್ಕರು. ಅರಿಂಡಳಿಗೆ ತಾನೂ ನಗುತ್ತಿರುವುದು ಗೊತ್ತಾಯಿತು, ಉಳಿದೆ ಎನ್ನಿಸಿತು. 'ಕೂತ್ಕೋ' ಎಂದರು ಓಜೊಕ್‌ಗೆ. 'ನಿನ್ನ ವಿಚಾರ ಆಮೇಲೆ ನೋಡ್ತೀನಿ. ಸದ್ಯಕ್ಕೆ ಇವಳ ಕಡೆ ನಿನಗಿಂತ ಒಳ್ಳೇ ಸಾಕ್ಷಿ ಇಲ್ಲ. ' ಆಮೇಲೆ ಅವಳ ಕಡೆ ತಿರುಗಿದರು. 'ಕಣ್ಣಿಂದ ನೋಡಿದೋನು ಒಳಗೆ ಅಂದ್ರೂ ನೀನು ಹೊರಗೆ ಅಂದೆ. ಯಾಕಮ್ಮಾ?'

'ಕೈ ಹೊರಗೆ ಅಂತಿತ್ತು ಸರ್.'

'ಯಾವಾಗಿಂದ?'

ನಗು ಇನ್ನೂ ಮುಗಿದಿರಲಿಲ್ಲ, ಅದರ ನಡುವೆಯೇ ಅವರು ಅಷ್ಟು ಸಲೀಸಾಗಿ ಕೇಳಿದರು. ಬೆಳಿಗ್ಗೆಯಿಂದ ಅವಳು ಲಕೋಟೆಗೆ ಹೆದರಿದ್ದಳು, ಪಟ್ಟಿಗೆ ಹೆದರಿದ್ದಳು, ಈ ಪ್ರಶ್ನೆಗೆ ಹೆದರಬೇಕೆಂದು ಹೊಳೆದಿರಲಿಲ್ಲ. ಇವತ್ತಿಂದ ಅನ್ನಬಹುದು. ಬೆಳಿಗ್ಗೆ ಎದ್ದಾಗ ಅನ್ನಿಸಿತು ಸರ್. ಕೈಯನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

'ನಿನ್ನೆಯಿಂದ. ಶಲಾಕೆ ಬಿಟ್ಟಾಗಲೇ.'

'ಆಗಲೇ ಗೊತ್ತಿದ್ರೆ ತೂತು ಹುಡುಕದೆ ಹೊಲಿದದ್ದು ಯಾಕೆ?'

'ಹಸಿವಾಗಿತ್ತು ಸರ್.'

ಈ ಸಲ ಯಾರೂ ನಗಲಿಲ್ಲ. ಬಗ್ಯೇಂಡರು ಪಟ್ಟಿಯನ್ನು ಉಂಡೆ ಕಟ್ಟಿ ಜೇಬಿಗೆ ಹಾಕಿಕೊಂಡು ಅವಳನ್ನೇ ನೋಡಿದರು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. 'ಮಧ್ಯಾಹ್ನ ಅವನನ್ನ ಮತ್ತೆ ಟೇಬಲಿಗೆ ಹಾಕಬೇಕು' ಎಂದರು. 'ಈಗ ಹೋಗಿ ನೀನೇ ಹೇಳು. ಸ್ಕ್ರೂ ಜರುಗಿದೆ ಗಿರುಗಿದೆ ಅಂತ ಕಥೆ ಬೇಡ. ಯಾಕೆ ಅಂತ ಅವನು ಕೇಳಿದ್ರೆ ಇಲ್ಲಿ ಹೇಳಿದ್ದನ್ನೇ ಹೇಳ್ಬೇಕು. ಹೇಳಿದ ಮೇಲೂ ಅವನು ನಿನ್ ಕೈಗೆ ಕಾಲು ಕೊಟ್ರೆ, ನೀನು ಕಿಸೋರೊಗೆ ಹೋಗು. ಬೇರೆಯವ್ರು ಬೇಕು ಅಂದ್ರೆ ನಾನು ಕೊಯ್ತೀನಿ, ಈ ಒಂದು ಫಿಲ್ಮಿನ ಪಂಡಿತ ಕಿಸೋರೊಗೆ ಹೋಗ್ತಾನೆ.'

ಹಜಾರದಲ್ಲಿ ಓಜೊಕ್ ಹಿಂದಿನಿಂದ ಓಡಿಬಂದ. 'ಹಸಿವು ಅಂತ ಯಾಕೆ ಹೇಳ್ದೆ? ಹುಚ್ಚೇನೇ ನಿಂಗೆ? ನಾನು ಮುಚ್ಚು ಅಂದೆ ಅಂತ ಹೇಳಬಾರದಿತ್ತಾ?' 'ನೀನು ಅಂದೆ, ಆದ್ರೆ ಹೊಟ್ಟೆ ನನ್ನದು.' 'ಹೇಳೋ ರೀತೀಲಿ ಹೇಳು ಅವನಿಗೆ. ಜರುಗಿದೆ ಅಂದ್ರೂ ಅವನಿಗೇನು ಗೊತ್ತಾಗುತ್ತೆ? ಮುದುಕ ಬಗ್ಯೇಂಡ ಬಂದು ಕೇಳ್ತಾನಾ?' ಕೇಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಜರುಗಿದೆ ಎಂಬುದು ವಾರ್ಡಿನಲ್ಲಿ ದಿನಾ ಓಡಾಡುವ ಮಾತು. ಮೂಳೆ ಜರುಗುತ್ತದೆ, ತಾರೀಖು ಜರುಗುತ್ತದೆ, ಸಂಬಳ ಜರುಗುತ್ತದೆ, ಯಾರ ತಪ್ಪೂ ಇರುವುದಿಲ್ಲ. ಅವಳ ಬಾಯಲ್ಲಿ ಈಗ ಅದು ಸಿದ್ಧವಾಗುತ್ತಿತ್ತು, ಬೆಳಿಗ್ಗೆ ಇನ್ನೊಂದು ಸಣ್ಣ ಪದ ಸಿದ್ಧವಾಗಿದ್ದ ಜಾಗದಲ್ಲೇ.

ಟಾಯೆಬ್ವ ಗೋಡೆಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದ, ಇಪ್ಪತ್ತರ ಆಸುಪಾಸಿನ ತೆಳ್ಳನೆ ಹುಡುಗ, ತಲೆಯ ಮೇಲೆ ಇನ್ನೂ ಬೋಡಾ ಸವಾರರ ಟೋಪಿ. ಅವನ ತಾಯಿ ನೆಲದ ಚಾಪೆಯಲ್ಲಿ ಕೂತು, ಮನೆಯಿಂದ ತಂದ ಪಾತ್ರೆಯ ಬಾಳೆಯೆಲೆ ಬಿಚ್ಚಿ, ಕಟೋಗೊ ಬಡಿಸಿ ತಟ್ಟೆಯನ್ನು ಅವನ ಎದೆಯ ಮೇಲಿಟ್ಟಿದ್ದಳು. ಕರುಳಿನ ತುಂಡುಗಳ ಜೊತೆ ಬೆಂದ ಬಾಳೆಕಾಯಿ, ಮೇಲೆ ಹಬೆ. ಅವನು ಮೊದಲ ತುತ್ತನ್ನು ಎತ್ತಿದ್ದ.

'ಅದನ್ನ ಇಡು' ಎಂದಳು ಅರಿಂಡ.

'ಯಾಕೆ ಮುಸಾವೊ? ನಿನ್ನೆ ಪೂರಾ ಉಪವಾಸ ಹಾಕಿದ್ರಿ. ರಾತ್ರಿ ವಾಂತಿ. ಈಗ್ತಾನೆ ಹೊಟ್ಟೆ ನನ್ ಮಾತು ಕೇಳ್ತಿದೆ.'

'ಇವತ್ತೂ ಉಪವಾಸ. ಮಧ್ಯಾಹ್ನ ಮತ್ತೆ ಕೊಯ್ಬೇಕು.'

ತುತ್ತು ಗಾಳಿಯಲ್ಲೇ ನಿಂತಿತು. ತಾಯಿ ಎದ್ದು ಮಂಚದ ಕಂಬಿ ಹಿಡಿದಳು. ಪಕ್ಕದ ಮಂಚಗಳ ಕಾಲು ಮುರಿದವರು, ಕೈ ಮುರಿದವರು, ಎಲ್ಲರೂ ತಿರುಗಿದರು. ವಾರ್ಡಿನಲ್ಲಿ ಬೇರೆ ಮನರಂಜನೆ ಇರಲಿಲ್ಲ. 'ಯಾಕೆ?' ಎಂದ ಟಾಯೆಬ್ವ.

'ಕೆಳಗಿನ ಸ್ಕ್ರೂ ಸರಳಿನ ತೂತಲ್ಲಿ ಕೂತಿಲ್ಲ. ನಾನೇ ಕೂರಿಸಿದ್ದು. ಕೂರಿಸುವಾಗಲೇ ಅನುಮಾನ ಬಂದಿತ್ತು. ಇನ್ನೊಮ್ಮೆ ಹುಡುಕಬೇಕಿತ್ತು, ಹುಡುಕಲಿಲ್ಲ. ಹಸಿವಾಗಿತ್ತು. ಹೊಲಿದು ಊಟಕ್ಕೆ ಹೋದೆ.' ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದಳು. 'ನಾನು ಬೇಡ ಅಂತ ನೀನಂದ್ರೆ ದೊಡ್ಡ ಡಾಕ್ಟರು ಮಾಡ್ತಾರೆ. ಅವರು ನನಗಿಂತ ಚೆನ್ನಾಗಿ ಮಾಡ್ತಾರೆ. ನೀನು ಯಾರನ್ನ ಅಂತೀಯೋ ಅವರು.'

ತಾಯ ಬಾಯಿ ತೆರೆಯಿತು. ಅದರಿಂದ ಏನು ಬರುತ್ತಿತ್ತೋ, ಮಗ ಕೈ ಎತ್ತಿ ತಡೆದ. ಅವನು ಅರಿಂಡಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಹಿಂದಿನ ಸೀಟಿಗೆ ಹತ್ತುವ ಸವಾರಿಯ ಭಾರವನ್ನು ಅಂದಾಜು ಮಾಡುವವರು ಹಾಗೆ ನೋಡುತ್ತಾರೆ. 'ಊಟ ಏನಿತ್ತು?' ಎಂದು ಕೇಳಿದ.

'ಏನು?'

'ನಿನ್ನೆ. ನನ್ನ ಹೊಲಿದು ಹೋಗಿ ತಿಂದ್ಯಲ್ಲ.'

'ಹೊಗೆಮೀನು. ಕಡಲೆಬೀಜದ ಗೊಜ್ಜಲ್ಲಿ.'

'ಚೆನ್ನಾಗಿತ್ತಾ?'

'ಚೆನ್ನಾಗಿತ್ತು.'

ಪಕ್ಕದ ಮಂಚದವನೊಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕ. ಟಾಯೆಬ್ವ ನಗಲಿಲ್ಲ. ತುತ್ತನ್ನು ತಟ್ಟೆಗೆ ಹಾಕಿದ, ತಟ್ಟೆಯನ್ನು ಎದೆಯಿಂದ ಎತ್ತಿ ಎರಡೂ ಕೈಯಲ್ಲಿ ಅವಳ ಕಡೆ ಚಾಚಿದ. 'ಹೊಟ್ಟೆ ಖಾಲಿ ಇದ್ರೆ ನಾನೂ ಗಾಡಿ ನೆಟ್ಟಗೆ ಓಡ್ಸಲ್ಲ. ತಗೋ, ತಿನ್ನು. ನನ್ನೆದುರಿಗೇ ತಿನ್ನು. ಆಮೇಲೆ ಬಂದು ಕೊಯ್ಯಿ. ತೂತು ಸಿಗೋ ತನಕ ಏಳಬಾರದು, ಗೊತ್ತಾಯ್ತಾ?'

'ಬೇಡಪ್ಪ...'

'ತಿನ್ನೇ' ಎಂದಳು ತಾಯಿ. ಅದು ಬೈಗುಳವೋ ಉಪಚಾರವೋ ಅವಳ ಮುಖದಿಂದ ತಿಳಿಯುತ್ತಿರಲಿಲ್ಲ. 'ನನ್ ಮಗ ಹಸ್ಕೊಂಡಿರ್ತಾನೆ, ನೀನಾದ್ರೂ ತಿನ್ನು. ಒಂದು ತುಂಡೂ ಬಿಡಬಾರದು.'

ಅರಿಂಡ ತಟ್ಟೆ ತೆಗೆದುಕೊಂಡಳು. ಕೂರಲು ಜಾಗವಿರಲಿಲ್ಲ, ಯಾರೂ ಕೂರು ಅನ್ನಲಿಲ್ಲ. ಇಡೀ ವಾರ್ಡು ನೋಡುತ್ತಿರುವಾಗ ಮಂಚದ ಪಕ್ಕ ನಿಂತುಕೊಂಡೇ ಅವಳು ಅವನು ಬಿಟ್ಟ ತುತ್ತಿನಿಂದ ಶುರುಮಾಡಿದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು. ಬಿಸಿಗೆ ನಾಲಿಗೆ ಸುಟ್ಟಿತು. ಅವಳು ಪೂರ್ತಿ ತಿಂದಳು.